ಹದಿನೇಳು ನಂಬರು

ಮಾರ್ಚ್ 3, ಸೋಮವಾರ
ಮತ್ತೆ ಗಂಡಸರ ಅಳತೆಯ ಗ್ಲೌಸ್. ಅದರ ಸಡಿಲ ಬೆರಳುಗಳ ತುದಿಗೆ ಟೇಪ್ ಸುತ್ತಿಕೊಂಡೇ ವೆಲ್ಡಿಂಗ್ ಮಾಡಿದೆ. ಹನ್ನೊಂದು ವರ್ಷದಿಂದ ಇದೇ ಹಾಡು. ಹಡಗಿನ ಆರು ಪೈಪ್ ಜಾಯಿಂಟ್ ಮುಗಿಸಿ, ಯಾರ ಬೆಸುಗೆಯೆಂದು ತಿಳಿಯಲು ಆರರ ಪಕ್ಕದಲ್ಲೂ ನನ್ನ ನಂಬರು 17 ಅಚ್ಚು ಹೊಡೆದೆ. ಈ ಕೇಪ್ ಬ್ರೆಟನ್ ದ್ವೀಪದ ಚಳಿ ಇನ್ನೂ ಬಿಟ್ಟಿಲ್ಲ.

ಮಾರ್ಚ್ 6, ಗುರುವಾರ
ಬೆಸುಗೆಗಳ ಎಕ್ಸ್‌ರೇ ತೆಗೆದು ನೋಡುವ ಇನ್‌ಸ್ಪೆಕ್ಟರ್ ಹೊರಗಿನಿಂದ ಬಂದಿದ್ದ. ಫಿಲ್ಮ್ ಹಿಡಿದು ಫೋರ್‌ಮನ್ ಮರ್ಡಕ್‌ನನ್ನು ಕೇಳಿದ, “ಈ ಹದಿನೇಳು ಯಾರಪ್ಪ? ಒಂದು ಗುಳ್ಳೆನೂ ಇಲ್ಲ. ಅವ್ನನ್ನ ಲೀಡ್ ಮಾಡಿ.”
ಮರ್ಡಕ್ ಗದ್ದದಿಂದಲೇ ನನ್ನ ಕಡೆ ತೋರಿಸಿದ.
“ಓ... ಹೆಂಗಸ್ರ ಕೈ ನಾಜೂಕು ಬಿಡಿ. ಹೊಲಿಗೆ ಅಭ್ಯಾಸ ಇರತ್ತಲ್ಲ,” ಎಂದ ಇನ್‌ಸ್ಪೆಕ್ಟರ್.
ನಾನು ಒಂದು ಗುಂಡಿಯನ್ನೂ ಹೊಲಿದವಳಲ್ಲ. ಸುಮ್ಮನೆ ನಕ್ಕೆ. ಯಾಕೆ ನಕ್ಕೆನೋ. ಸಂಜೆ, ತಂಡ ನಡೆಸುವ ಆ ಲೀಡ್ ಕೆಲಸಕ್ಕೆ ಅರ್ಜಿ ಹಾಕಿದೆ.

ಮಾರ್ಚ್ 19, ಬುಧವಾರ
ಲೀಡ್ ಕೆಲಸವನ್ನು ಕೋಡಿ ಎಂಬ ಹುಡುಗನಿಗೆ ಕೊಟ್ಟರು. ಅವನು ಬಂದು ಎರಡೇ ವರ್ಷ. ವೆಲ್ಡಿಂಗ್ ಟಾರ್ಚ್ ಹಿಡಿಯುವುದನ್ನು ಅವನಿಗೆ ಕಲಿಸಿದವಳೇ ನಾನು.
“ನಿನ್ ಕೆಲ್ಸಕ್ಕೆ ಹೆಸರಿಡೋ ಹಾಗಿಲ್ಲ ಲೊರೇನ್,” ಎಂದ ಮರ್ಡಕ್. “ಆದ್ರೆ ಹುಡುಗ್ರು ಹೆಂಗಸಿನ ಮಾತು ಕೇಳ್ತಾರಾ? ನಿನ್ ಒಳ್ಳೇದಕ್ಕೇ ಹೇಳ್ತಿರೋದು. ಕೋಡಿಗೆ ಸ್ವಲ್ಪ ಕಲಿಸಿಕೊಡು.”
ಊಟದ ಹೊತ್ತಿಗೆ ಅವನಿಗಾಗಿ ಕೇಕ್ ತಂದರು. ಚಾಕು ನನ್ನ ಕೈಗೇ ಕೊಟ್ಟರು. ಕತ್ತರಿಸಿ ಎಲ್ಲರಿಗೂ ಹಂಚಿದೆ. ನನ್ನ ಮೇಲೇ ಅಸಹ್ಯವಾಯಿತು.

ಏಪ್ರಿಲ್ 4, ಶುಕ್ರವಾರ
ಕೋಡಿಯ ಜಾಯಿಂಟ್ ಎಕ್ಸ್‌ರೇಯಲ್ಲಿ ಫೇಲ್. ತುಂಬ ಗುಳ್ಳೆ.
“ಕತ್ತರ್ಸಿ ನೀನೇ ಹೊಸದಾಗಿ ಹಾಕು,” ಎಂದ ಮರ್ಡಕ್. “ನಂಬರು ಮಾತ್ರ ಅವ್ನದೇ ಹೊಡಿ, ಹದಿನಾಲ್ಕು. ಈಗಷ್ಟೇ ಲೀಡ್ ಆಗಿದಾನೆ, ಮರ್ಯಾದೆ ಪ್ರಶ್ನೆ.”
ಕೋಡಿ ಬೂಟು ನೋಡುತ್ತ ನಿಂತಿದ್ದ. “ಬೇಜಾರ್ ಮಾಡ್ಕೋಬೇಡಿ ಲೊರೇನ್...”
ನನ್ನ ಮರ್ಯಾದೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.
ನಾಲ್ಕು ತಾಸು ಹಿಡಿಯಿತು. ಒಳ್ಳೆಯ ಬೆಸುಗೆ. ಕೆಟ್ಟದಾಗಿ ಹಾಕೋಣವೆಂದರೂ ಕೈ ಒಪ್ಪಲಿಲ್ಲ. ಅಚ್ಚಿನ ಡಬ್ಬಿ ತೆರೆದೆ. ಮೊದಲು 1. ಅದು ಇಬ್ಬರಿಗೂ ಒಂದೇ, ಹೊಡೆದೆ. ಆಮೇಲೆ 7 ಕೈಗೆತ್ತಿಕೊಂಡೆ.
“ಮಕ್ಕಳ ಹಾಗೆ ಆಡ್ಬೇಡ,” ಹಿಂದಿನಿಂದ ಮರ್ಡಕ್.
ಹೊಡೆದೆ. ಉಜ್ಜಿದರೂ ಹೋಗದಷ್ಟು ಆಳಕ್ಕೆ.
ಸೋಮವಾರ ಎಂಟಕ್ಕೆ ಆಫೀಸಿಗೆ ಕರೆದಿದ್ದಾನೆ. ಈ ಸಲ ನಗುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಈಗಲೇ ಬರೆದಿಟ್ಟುಕೊಳ್ಳುತ್ತೇನೆ. ಮೊದಲನೆಯದು, ಆ ಗ್ಲೌಸ್—