ಕಪ್ಪುಕುಳಿಗೆ ಇಟ್ಟ ಬಣ್ಣ

ವಿಶಾಖಪಟ್ಟಣ, 25-10-2004

ಅಣ್ಣಾ,

‘ಕತ್ತಲೆಗೆ ಯಾವ ಬಣ್ಣವೂ ಹತ್ತದು’ ಅಂತೇನೋ ಅಮ್ಮ ಹಾಡುತ್ತಿದ್ದಳಲ್ಲ, ಮುಂದಿನ ಸಾಲು ಮರೆತಿದೆ. ಹಾಗೆಂದು ತೀರ್ಮಾನಿಸಿದವರು ಯಾರು? ಬಾಹ್ಯಾಕಾಶದ ದೂರದರ್ಶಕ ಕಳಿಸುವ ಎಕ್ಸ್-ರೇ ಚಿತ್ರಕ್ಕೆ ಬಣ್ಣವೇ ಇರುವುದಿಲ್ಲ. ಬರುವುದು ಬರೀ ಅಂಕಿಗಳು, ಬಣ್ಣ ನಾವೇ ಕೊಡಬೇಕು. ಕಪ್ಪುಕುಳಿಯ ಸುತ್ತ ಉರಿಯುವ ಅನಿಲಕ್ಕೆ ತರಗತಿಯವರೆಲ್ಲ ನೀಲಿ ಹಾಕಿದರು. ನಾನು ಕುಂಕುಮದ ಕೆಂಪು ಹಾಕಿದೆ. ಪ್ರೊಫೆಸರ್ ನಕ್ಕರು, ಮಾರ್ಕ್ಸ್ ಕಳೆಯಲಿಲ್ಲ.

ಗಂಡ ತೀರಿಕೊಂಡು ವರ್ಷ ತುಂಬುವುದರೊಳಗೆ, ನಲವತ್ತೆಂಟನೇ ವಯಸ್ಸಿಗೆ ಇದೆಂಥ ಎಂ.ಎಸ್ಸಿ., ಮನೆಗೆ ಬಾ ಎಂದು ಬರೆದಿದ್ದೀಯ. ಬರುವುದಿಲ್ಲ. ಮೊಣಕಾಲು ನೋವು ಇಳಿದಿದೆ, ಎಣ್ಣೆ ಕಳಿಸಬೇಡ.

ಇಷ್ಟು ಬರೆಯುವಾಗ ಪಕ್ಕದ ಮನೆಯ ಸೀತಾಮಹಾಲಕ್ಷ್ಮಿ ವಿಜಯವಾಡದ ದುರ್ಗಮ್ಮನ ಪ್ರಸಾದ ಹಿಡಿದು ಬಾಗಿಲಿಗೆ ಬಂದರು. ಲಡ್ಡು ನನ್ನ ಕೈಗೆ ಬಂತು, ಕುಂಕುಮದ ಪೊಟ್ಟಣ ಅವರ ಮುಷ್ಟಿಯಲ್ಲೇ ಉಳಿಯಿತು. ಗೋಡೆಗೆ ಅಂಟಿಸಿದ್ದ ಆ ಕೆಂಪು ಚಿತ್ರ ಏನೆಂದು ಕೇಳಿದರು, ಹೇಳಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ ಹೇಮಾಕ್ಷಿ

(ಅಂಚಿನಲ್ಲಿ) ಅದಕ್ಕೆ ಅವರು ತೆಲುಗಿನಲ್ಲಿ ಅಂದದ್ದು ಇಷ್ಟು: “ಅಮ್ಮಾ ತಾಯಿ, ಆ ಕಪ್ಪು ಗುಂಡಿಗೇ ಕುಂಕುಮ ಇಟ್ಟಿದ್ದೀರಿ, ನಿಮಗಿಡೋಕೆ ನಾನ್ಯಾಕೆ ಹೆದರಲಿ? ಹಣೆ ಈ ಕಡೆ ತಿರುಗಿಸಿ!”