ಮೊದಲ ದೋಸೆ

ಅಕ್ಟೋಬರ್ 17, ಶುಕ್ರವಾರ. ಬೆಳಿಗ್ಗೆ 6

ಏಕಾದಶಿ. ಉಪವಾಸ. ನಾಲ್ಕೂವರೆಗೆ ಎದ್ದೆ. ಸ್ನಾನ, ಬಾಲ್ಕನಿಯ ತುಳಸಿಗೆ ನೀರು, ದೀಪ. ಇಲ್ಲಿ ಜಪಾನಿನಲ್ಲಿ ಇವತ್ತು ಸುಡುವ ಕಸ ಒಯ್ಯುವ ದಿನ — ಚೀಲ ಕೆಳಗಿಟ್ಟು, ಕಾಗೆ ಬಾರದ ಹಾಗೆ ಬಲೆ ಮುಚ್ಚಿ ಬಂದೆ. ಇವರಿಗೆ ಡಬ್ಬಿ ಕಟ್ಟಿಯಾಯಿತು. ಮಿನಾಟೋ ಬಡಾವಣೆಯ ಇವರ ಆಫೀಸಿನಲ್ಲಿ ಇವತ್ತು ಮೀಟಿಂಗ್ ಮೇಲೆ ಮೀಟಿಂಗ್ ಅಂತೆ.

ಸಕ್ಕರೆ ಕಾಯಿಲೆ ಬಂದ ಮೇಲೆ ನಿರ್ಜಲ ಮಾಡುತ್ತಿಲ್ಲ. ಡಾಕ್ಟರು ಬೈದಿದ್ದಾರೆ. ಸಬ್ಬಕ್ಕಿ ತಿಂದರೆ ಸಕ್ಕರೆ ಏರುತ್ತದೆ. ಮೇಲಿನ ಮನೆಯ ಗುಜರಾತಿಯಾಕೆ ಸೋಬಾ ಹಿಟ್ಟು ಕೊಟ್ಟಿದ್ದಾಳೆ, ಹಿಂದಿಯವರು ಕುಟ್ಟು ಅನ್ನುವ ಬೂದು ಹಿಟ್ಟು. ಅದು ಧಾನ್ಯವಲ್ಲವಂತೆ, ಅವರ ಕಡೆ ಏಕಾದಶಿಗೆ ಅದೇ ಫಲಾಹಾರವಂತೆ. ನನಗೆ ಇವತ್ತು ಮೊದಲ ಸಲ. ಮೊಸರಿನಲ್ಲಿ ಕಲಸಿ ಡಬ್ಬಿಗೆ ಹಾಕಿಕೊಂಡೆ. ದೋಸೆ ಅಂಗಡಿಗೆ ಕೆಲಸಕ್ಕೆ ಹೋದ ಕೂಡಲೇ ಎಲ್ಲಕ್ಕಿಂತ ಮೊದಲು ನನ್ನದನ್ನು ಹುಯ್ದುಕೊಳ್ಳಬೇಕು. ತಡವಾದರೆ ಕಾವಲಿಗೆ ಅಕ್ಕಿ ಮುಟ್ಟುತ್ತದೆ, ಈರುಳ್ಳಿ ಮುಟ್ಟುತ್ತದೆ. ವ್ರತ ಕೆಟ್ಟ ಹಾಗೆಯೇ.

ಅದೇ ದಿನ, ಮಧ್ಯಾಹ್ನ 3

ಅಂಗಡಿಯಿಂದ ಬಂದವಳೇ ಬರೆಯಲು ಕೂತೆ. ಬರೆದರೆ ಮನಸ್ಸು ನಿಂತೀತೇನೋ.

ಹಿನಾ. ಐದು ವರ್ಷದ ಮಗು. ಪ್ರತಿ ಶುಕ್ರವಾರ ಶಿಶುವಿಹಾರಕ್ಕೆ ಮೊದಲು ತಾಯಿ ಮೋರಿತಾ-ಸಾನ್ ಜೊತೆ ಬಂದು ದೋಸೆ ತಿನ್ನುತ್ತದೆ. ನನ್ನನ್ನು "ದೋಸೆ-ಸಾನ್" ಅನ್ನುತ್ತದೆ. ಇವತ್ತು ಎಂಟಕ್ಕೆ ಬಾಗಿಲು ತೆಗೆಯುವಾಗಲೇ ನಿಂತಿತ್ತು. ಮೋರಿತಾ-ಸಾನ್ ಎಂದಿನ ಹಾಗೆ "ಸೋಬಾ?" ಅಂತ ಕೇಳಿದರು. ಎಂದಿನ ಹಾಗೆ ತಲೆ ಅಡ್ಡ ಆಡಿಸಿ ನಕ್ಕೆ. ಆ ಮಗುವಿಗೆ ಸೋಬಾ ಆಗದು, ನಮಗೆಲ್ಲ ಗೊತ್ತು. ನಮ್ಮ ಓನರ್ ಉಮಾಶಂಕರ್ ಒಲೆಯ ಮೇಲಿನ ಗೋಡೆಗೆ ಕನ್ನಡದಲ್ಲಿ ಬರೆದೇ ಅಂಟಿಸಿದ್ದಾರೆ.

ಅರ್ಧ ದೋಸೆ ತಿಂದಿರಬೇಕು. ಕೆಮ್ಮು. ತುಟಿ ಊದಿತು, ಕಣ್ಣು ಮುಚ್ಚಿಹೋಯಿತು. ಮೋರಿತಾ-ಸಾನ್ ಚೀಲದಿಂದ ಇಂಜೆಕ್ಷನ್ ತೆಗೆದು ಮಗುವಿನ ತೊಡೆಗೆ ಚುಚ್ಚಿದರು. ಆ ತಾಯಿ ಕೂಗಲಿಲ್ಲ. ಮಗುವಿನ ಹೆಸರನ್ನು ಮೆಲ್ಲಗೆ, ಬಿಡದೆ ಹೇಳುತ್ತಲೇ ಇದ್ದರು. ಆಂಬುಲೆನ್ಸ್ ಬಂತು.

ಉಮಾಶಂಕರ್ ಗಾಬರಿಯಲ್ಲಿ ಉಳಿದ ಅರ್ಧ ದೋಸೆ ಕಸಕ್ಕೆ ಹಾಕಿದರು, ಹಿಟ್ಟು ಚೆಲ್ಲಿದರು, ಕಾವಲಿ ಉಜ್ಜಿ ಉಜ್ಜಿ ತೊಳೆದರು. ಆರೋಗ್ಯ ಕಚೇರಿಯವರು ಬರುವಷ್ಟರಲ್ಲಿ ಎಲ್ಲ ಸ್ವಚ್ಛ.

ಐಸಿಯು ಅಂತೆ. ರಾಯರೇ, ಆ ಮಗುವನ್ನು ಉಳಿಸಿ.

ಅಕ್ಟೋಬರ್ 18, ಶನಿವಾರ

ದ್ವಾದಶಿ. ಪಾರಣೆಗೆ ಅನ್ನ ಕಲಸಿದೆ, ಎರಡು ತುತ್ತಿಗೇ ತಟ್ಟೆ ಸರಿಸಿದೆ.

ಅಂಗಡಿ ಮುಚ್ಚಿಸಿದ್ದಾರೆ. ಅಧಿಕಾರಿಗಳು ಒಂದೊಂದು ಚೀಲ, ಒಂದೊಂದು ಡಬ್ಬ ಬಿಚ್ಚಿ ನೋಡಿದರು. ಸೋಬಾ ಎಲ್ಲೂ ಇಲ್ಲ. ಉಮಾಶಂಕರ್ ಎದೆ ಮುಟ್ಟಿಕೊಂಡು ಹೇಳಿದರು — "ಅಂಗಡಿ ಶುರುವಾದಾಗಿಂದ ಒಂದ್ ಚಿಟಿಕೆ ಸೋಬಾ ಒಳಗೆ ಬಂದಿಲ್ಲ."

ನಾನೂ ಹೌದು ಎಂದು ತಲೆ ಆಡಿಸಿದೆ.

ಮನೆಗೆ ಬಂದು ಕೈಚೀಲ ತೆಗೆದೆ. ನಿನ್ನೆಯ ಡಬ್ಬಿ. ತೊಳೆದಿರಲಿಲ್ಲ. ಅಂಚಿನಲ್ಲಿ ಬೂದುಬಣ್ಣದ ಹಿಟ್ಟು ಒಣಗಿ ಹತ್ತಿಕೊಂಡಿದೆ.

ಅಡುಗೆಮನೆಯಲ್ಲೇ ಕೂತುಬಿಟ್ಟೆ.

ನನ್ನದು ಮೊದಲು ಹುಯ್ದೆ. ಎರಡು. ಎಣ್ಣೆಬಟ್ಟೆಯಿಂದ ಕಾವಲಿ ಒರೆಸಿದೆ. ಒರೆಸಿದ್ದು ಅಷ್ಟೇ. ಅದರ ಮೇಲೆ ಅಕ್ಕಿ ಹಿಟ್ಟು. ಮುಂದಿನ ದೋಸೆ ಆ ಮಗುವಿನದು.

ಅಕ್ಕಿ ನನ್ನನ್ನು ಮುಟ್ಟದಿರಲಿ ಎಂದು ಅಷ್ಟು ನೋಡಿಕೊಂಡೆ. ನನ್ನದು ಯಾರನ್ನು ಮುಟ್ಟುತ್ತದೆ ಎಂದು ನೋಡಲೇ ಇಲ್ಲ.

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ನೀರು ಹಾಕಿಕೊಳ್ಳಲಿಲ್ಲ. ಇವರು ಕೇಳಿದರು, ನೆಗಡಿ ಅಂದೆ. ಎಷ್ಟು ಸುಲಭವಾಗಿ ಬರುತ್ತದೆ ಸುಳ್ಳು.

ಮಗು ಕಣ್ಣು ಬಿಟ್ಟಿದೆಯಂತೆ. ಉಮಾಶಂಕರ್ ಆಸ್ಪತ್ರೆಗೆ ಹೋಗಿ ಮೋರಿತಾ-ಸಾನ್ ಮುಂದೆ ಸೊಂಟ ಬಗ್ಗಿಸಿ ನಿಂತು ಬಂದರು. ತಗೊಂಡುಹೋದ ಸಿಹಿ ಡಬ್ಬ ಹಾಗೇ ವಾಪಸ್.

ಅಕ್ಟೋಬರ್ 24, ಶುಕ್ರವಾರ

ಮೂರು ದಿನ ಬರೆಯಲಾಗಲಿಲ್ಲ.

ಯಾಮಿನಿ ಬಂದಿದ್ದಳು. ಮೈಸೂರಿನ ಹುಡುಗಿ, ಇಲ್ಲಿ ಯೂನಿವರ್ಸಿಟಿಯಲ್ಲಿ ಕಾನೂನು ಪಿಎಚ್‌ಡಿ. ಅಂಗಡಿ ಮುಚ್ಚಿದ ಮೇಲೆ ಊಟಕ್ಕೆ ನಮ್ಮ ಮನೆಗೇ ಬರುತ್ತಾಳೆ. ಪೊಲೀಸರು ಉಮಾಶಂಕರ್‌ನ ಎರಡು ಸಲ ಕರೆದರು ಅಂತ ಹೇಳಿದಳು. ಸುಮ್ಮನೆ ಕೇಳುವ ಹಾಗೆ ಕೇಳಿದೆ, "ಅವರಿಗೆ ಏನೂ ಗೊತ್ತೇ ಇರ್ಲಿಲ್ವಲ್ಲ, ಆದ್ರೂ ತಪ್ಪಾ?"

"ಇಲ್ಲಿ ಅದನ್ನೇ ಕೇಳ್ತಾರೆ ಆಂಟಿ. ಗೊತ್ತಿತ್ತಾ, ಇಲ್ಲಾ ಎಚ್ಚರ ತಪ್ಪಿದ್ರಾ ಅಂತ. ನಾನು ಓದೋದು ಇಂಗ್ಲೆಂಡ್ ಕಾನೂನು. ಅಲ್ಲಿ ಕೆಲವು ಅಪರಾಧಕ್ಕೆ ಮನಸ್ಸೇ ಬೇಡ. ಸ್ಟ್ರಿಕ್ಟ್ ಲಯಬಿಲಿಟಿ ಅಂತಾರೆ."

"ಮನಸ್ಸೇ ಬೇಡ ಅಂದ್ರೆ?"

"ಮೆಡಿಕಲ್ ಶಾಪಿನವರು ಚೀಟಿ ನೋಡಿ ಔಷಧಿ ಕೊಟ್ರು. ಚೀಟಿ ಸುಳ್ಳು. ಅವರಿಗೆ ಗೊತ್ತಿಲ್ಲ, ಅನುಮಾನಾನೂ ಇಲ್ಲ. ಆದ್ರೂ ತಪ್ಪಿತಸ್ಥರು. ಕೊಟ್ಟಿದ್ದೇ ತಪ್ಪು. ಕೊಲೆ ಕಳ್ಳತನಕ್ಕೆಲ್ಲ ಹಾಗಿಲ್ಲ. ಊಟ, ಔಷಧಿ, ಕೊಳಕು ನೀರು... ಜನರ ಜೀವಕ್ಕೆ ತಾಗೋ ವಿಷಯಕ್ಕೆ."

"ಮಡಿ ಹಾಗೆ" ಅಂದೆ.

"ಹಾಂ?"

"ಮೈಲಿಗೇನ ಗೊತ್ತಿದ್ದು ಮುಟ್ಟಿದ್ರೂ ಸ್ನಾನ, ಗೊತ್ತಿಲ್ದೆ ಮುಟ್ಟಿದ್ರೂ ಸ್ನಾನ. ನಮ್ಮಜ್ಜಿ ನೆಪ ಕೇಳ್ತಿರ್ಲಿಲ್ಲ. ಬಾವಿ ಕಡೆ ಕೈ ತೋರಿಸ್ತಿದ್ಲು."

ಯಾಮಿನಿ ಜೋರಾಗಿ ನಕ್ಕಳು. "ಮೂರು ವರ್ಷದಿಂದ ಇದನ್ನ ಬರೆಯೋಕೆ ಒದ್ದಾಡ್ತಿದೀನಿ! ಥೀಸಿಸ್‌ಗೆ ಹಾಕ್ಕೊಳ್ಳಾ ಆಂಟಿ?"

"ಹಾಕ್ಕೋ. ನನ್ನ ಹೆಸರು ಮಾತ್ರ ಬೇಡ."

ಕೈ ತೊಳೆಯುತ್ತಾ ಇನ್ನೊಂದು ಕೇಳಿದೆ. "ಊಟದ ವಿಷಯದಲ್ಲಿ ಅಲ್ಲಿ ಯಾರನ್ನ ಹಿಡೀತಾರೆ? ಬೇಯ್ಸಿದೋರನ್ನಾ?"

"ಮೊದಲು ಮಾರಿದೋರನ್ನ. ಅಂಗಡಿ ಯಾರದೋ ಅವರನ್ನ. ಎಲ್ಲ ಎಚ್ಚರಿಕೆ ತಗೊಂಡಿದ್ದೆ ಅಂತ ತೋರಿಸಿದ್ರೆ ಬಿಡಬಹುದು. ತೋರಿಸೋ ಭಾರ ಅವರದ್ದೇ."

ಅಲ್ಲಿಯೂ ಉಮಾಶಂಕರ್. ಇಲ್ಲಿಯೂ ಉಮಾಶಂಕರ್. ಗೋಡೆಗೆ ಚೀಟಿ ಅಂಟಿಸಿದವರು ಅವರು. ಅದರ ಕೆಳಗೇ ನಿಂತು ನಾನು ಸೋಬಾ ಹುಯ್ದೆ.

ಅಕ್ಟೋಬರ್ 28, ಮಂಗಳವಾರ

ಹೇಳಿಬಿಟ್ಟೆ. ಮುಚ್ಚಿದ ಅಂಗಡಿಯಲ್ಲಿ, ಕಾವಲಿಯ ಪಕ್ಕ ನಿಂತು.

ಉಮಾಶಂಕರ್ ಕಾವಲಿಯ ಕಡೆ ನೋಡಿದರು. ಆಮೇಲೆ ಸ್ಟೂಲ್ ಎಳೆದು ನನಗೇ ಕೊಟ್ಟರು.

"ಅಕ್ಕಾ, ಎಷ್ಟ್ ಜನಕ್ಕೆ ಹೇಳಿದೀರಾ?"

"ನಿಮಗೇ ಮೊದಲು."

"ನಾನೇ ಕೊನೆ ಆಗ್ಲಿ. ಅವರಿಗೆ ಏನೂ ಸಿಕ್ಕಿಲ್ಲ. ಇನ್ ಹತ್ತು ದಿನದಲ್ಲಿ ಬೀಗ ತೆಗೀಬಹುದು ಅಂತಿದಾರೆ. ಕಂಪ್ಲೇಂಟ್ ಮೇಲಕ್ಕೆ ಹೋಗ್ದೆ ಇದ್ರೆ ಎಲ್ಲಾ ಇಲ್ಲಿಗೇ ಮುಗಿಯುತ್ತೆ. ನಿಮ್ಮನ್ನ ಕಾಪಾಡೋಕೇ ಹೇಳ್ತಿರೋದು."

"ಮಗು ಹೇಗಿದೆ?"

ಮುಖ ಆ ಕಡೆ ತಿರುಗಿಸಿದರು. "ವಾರ್ಡ್‌ಗೆ ಹಾಕಿದಾರೆ. ಆದ್ರೆ ಊಟದ್ದೇ ಕಷ್ಟ. ಅಂಗಡೀಲಿ ಸೋಬಾ ಇಲ್ಲ ಅಂದ್ರೆ ಇನ್ನೇನು, ಅಕ್ಕಿನೋ ಉದ್ದೋ ಆಗ್ದೇ ಇರ್ಬೇಕು ಅಂತ ಆ ತಾಯಿಗೆ ಭಯ. ಟೆಸ್ಟ್ ಮುಗಿಯೋವರೆಗೂ ಅನ್ನ ಮುಟ್ಟಿಸ್ತಿಲ್ಲ. ಗೆಣಸು, ಸೇಬು, ಅಷ್ಟೇ. ಮಗು ಗೋಹಾನ್ ಗೋಹಾನ್ ಅಂತ ಅಳುತ್ತಂತೆ."

ಗೋಹಾನ್. ಅನ್ನ. ನನಗೆ ಬರುವ ನಾಲ್ಕು ಜಪಾನಿ ಮಾತಿನಲ್ಲಿ ಅದೂ ಒಂದು.

ಮನೆಗೆ ಹೇಗೆ ಬಂದೆನೋ ತಿಳಿಯದು.

ರಾತ್ರಿ ಇವರಿಗೂ ಹೇಳಿದೆ. ಇವರು ಬೈಯಲಿಲ್ಲ. "ಮಾರ್ಚ್‌ನಲ್ಲಿ ವೀಸಾ ರಿನ್ಯೂವಲ್ ಇದೆ ಕಾತ್ಯಾಯಿನಿ" ಅಂದರು. ಹಾಸಿಗೆ ಹಾಸುತ್ತಾ, "ನೀನು ಬೇಕು ಅಂತ ಮಾಡಿದ್ದಲ್ಲವಲ್ಲ."

ಎಲ್ಲರೂ ಅದನ್ನೇ ಹೇಳುತ್ತಾರೆ. ನಾನೂ ಹತ್ತು ದಿನದಿಂದ ದೇವರಿಗೆ ಅದನ್ನೇ ಹೇಳುತ್ತಿದ್ದೇನೆ. ದೇವರು ಕೇಳಲಿಲ್ಲ ಅನ್ನಲಾರೆ. ಆದರೆ ಆ ಮಾತಿನಿಂದ ಆ ಮಗುವಿಗೆ ಒಂದು ತುತ್ತು ಅನ್ನ ಸಿಕ್ಕಿತೇ?

ಅಕ್ಟೋಬರ್ 31, ಶುಕ್ರವಾರ. ರಾತ್ರಿ

ಪತ್ರ ಬರೆದೆ. ಏಳು ಸಲ ಹರಿದು ಹಾಕಿದೆ. ನಾನು ಏಳನೇ ಕ್ಲಾಸಿನವಳು, ಊರಿನ ಶಾಲೆ — ಚಂದದ ಮಾತು ಬರುವುದಿಲ್ಲ. ಕೊನೆಗೆ ಇಷ್ಟು ಉಳಿಯಿತು:

"ಮೋರಿತಾ-ಸಾನ್ ಅವರಿಗೆ. ದೋಸೆ ಹಾಕಿದವಳು ನಾನು. ಅಂದು ನನ್ನ ಉಪವಾಸ. ಮನೆಯಿಂದ ಸೋಬಾ ಹಿಟ್ಟು ತಂದು ಅದೇ ಕಾವಲಿಯಲ್ಲಿ ಮೊದಲು ನನಗೆ ಹುಯ್ದುಕೊಂಡೆ. ತೊಳೆಯಲಿಲ್ಲ, ಒರೆಸಿದೆ ಅಷ್ಟೇ. ಆಮೇಲೆ ನಿಮ್ಮ ಮಗುವಿಗೆ ಹಾಕಿದೆ. ಅಂಗಡಿಯವರಿಗೆ ಇದು ಗೊತ್ತಿರಲಿಲ್ಲ. ಅಕ್ಕಿಯಲ್ಲಿ ಏನೂ ಇರಲಿಲ್ಲ, ಉದ್ದಿನಲ್ಲೂ ಇರಲಿಲ್ಲ. ಡಾಕ್ಟರಿಗೆ ಇದನ್ನು ತೋರಿಸಿ, ಕೇಳಿ, ಮಗುವಿಗೆ ಅನ್ನ ಕೊಡಿ. ಕ್ಷಮಿಸಿ ಎಂದು ಕೇಳುತ್ತಿಲ್ಲ."

ಯಾಮಿನಿ ಓದಿದಳು. ನಗುವ ಹುಡುಗಿ, ಮುಖ ಬಿಳಚಿಕೊಂಡಿತು.

"ಆಂಟಿ, ಇದನ್ನ ಅವರು ಪೊಲೀಸ್‌ಗೆ ಕೊಡಬಹುದು. ಮೊದಲು ಲಾಯರ್ ಹತ್ರ ಹೋಗೋಣ. ಎರಡು ದಿನ ಅಷ್ಟೇ."

"ಎರಡು ದಿನ ಅಂದ್ರೆ ಆರು ಊಟ."

"ನಿಮಗೆ ಏನಾಗುತ್ತೆ ಅಂತ ಯೋಚ್ನೆ ಮಾಡಿದೀರಾ?"

"ನಿನ್ನ ಇಂಗ್ಲೆಂಡಿನವರು ನನ್ನ ಮನಸ್ಸು ಕೇಳಲ್ಲ ಅಂದೆಯಲ್ಲ. ನಾನೂ ಕೇಳೋದು ಬಿಟ್ಟೆ. ಬರೆದುಕೊಡಮ್ಮ."

ಕಣ್ಣೊರೆಸಿಕೊಂಡು ಜಪಾನಿಯಲ್ಲಿ ಬರೆದಳು. ಕೆಳಗೆ ನನ್ನ ಹೆಸರನ್ನು ಕನ್ನಡದಲ್ಲಿ ನಾನೇ ಬರೆದೆ.

ನವೆಂಬರ್ 1, ಶನಿವಾರ

ಏಕಾದಶಿ. ಇವತ್ತು ನಿರ್ಜಲ. ಮಾತ್ರೆ ಕೂಡ ಬೇಡ. ಇವರು ಕೈ ಮುಗಿದು ಕೇಳಿದರು, ಆಗಲಿಲ್ಲ.

ಅದೇ ಡಬ್ಬಿಯನ್ನು ಬಿಸಿನೀರಲ್ಲಿ ಮತ್ತೆ ತೊಳೆದೆ. ಎಷ್ಟನೆಯ ಸಲವೋ.

ಹತ್ತಕ್ಕೆ ಯಾಮಿನಿ ಪತ್ರ ತಗೊಂಡು ಆಸ್ಪತ್ರೆಗೆ ಹೋದಳು. ನಾನೂ ಬರುತ್ತೇನೆ ಅಂದೆ. ಬೇಡ ಆಂಟಿ, ನಿಮ್ಮನ್ನ ನೋಡಿದ್ರೆ ಮಗು ಹೆದರಬಹುದು ಅಂದಳು. ಸರಿಯೇ. ಚಪ್ಪಲಿ ಹಾಕಿಕೊಂಡಿದ್ದೆ. ಬಿಚ್ಚಿದೆ.

ಹನ್ನೆರಡೂವರೆಗೆ ಮೆಸೇಜ್: "ಕೊಟ್ಟೆ. ಕಾರಿಡಾರ್‌ನಲ್ಲೇ ನಿಂತು ಎರಡು ಸಲ ಓದಿದ್ರು. ಪತ್ರ ಹಿಡ್ಕೊಂಡು ಡಾಕ್ಟರ್ ರೂಮಿಗೆ ಹೋದ್ರು. ನಾಳೆ ಬನ್ನಿ, ಉತ್ತರ ಬರೆದು ಕೊಡ್ತೀನಿ ಅಂದ್ರು."

ಡಾಕ್ಟರ್ ರೂಮಿಗೆ ಹೋದರು. ಅಷ್ಟು ಸಾಕು ಅನ್ನಿಸಿತು. ಒಂದು ಗಳಿಗೆ. ಆಮೇಲೆ ಸಾಕಾಗಲಿಲ್ಲ.

ನವೆಂಬರ್ 2, ಭಾನುವಾರ. ಬೆಳಿಗ್ಗೆ 9

ದ್ವಾದಶಿ. ಪಾರಣೆಯ ಹೊತ್ತು ಮೀರಿತು. ಅನ್ನ ಮಾಡಿಟ್ಟಿದ್ದೇನೆ, ಮುಚ್ಚಿಟ್ಟಿದ್ದೇನೆ. ಕುಕ್ಕರ್ ತಣ್ಣಗಾಗಿದೆ. ತಲೆ ತಿರುಗುತ್ತಿದೆ, ಅಕ್ಷರಗಳು ಸೊಟ್ಟಗಾಗುತ್ತಿವೆ. ಇವರು ಎದುರಿಗೇ ಸಕ್ಕರೆ ನೀರು ಹಿಡಿದು ಕೂತಿದ್ದಾರೆ.

ಉಮಾಶಂಕರ್ ಫೋನ್ ಮಾಡಿದ್ದರು. ಬೈಯುತ್ತಾರೆ ಅಂದುಕೊಂಡೆ. "ಪೊಲೀಸ್‌ನೋರು ನಾಳೆ ಹತ್ತಕ್ಕೆ ನಿಮ್ಮನ್ನ ಬರೋಕೆ ಹೇಳಿದಾರೆ ಅಕ್ಕಾ. ನಾನೂ ಜೊತೇಲಿ ಬರ್ತೀನಿ" ಅಂದು ಫೋನ್ ಇಟ್ಟುಬಿಟ್ಟರು.

ಹೋಗುತ್ತೇನೆ. ಗೊತ್ತಿತ್ತಾ ಅಂತ ಕೇಳಿದರೆ, ಹಿಟ್ಟು ಯಾವುದು ಅಂತ ಗೊತ್ತಿತ್ತು ಅನ್ನುತ್ತೇನೆ. ಎಚ್ಚರ ಇತ್ತಾ ಅಂದರೆ, ಇತ್ತು, ನನ್ನ ಮಟ್ಟಿಗೆ ಇತ್ತು ಅನ್ನುತ್ತೇನೆ. ಅದು ನಾಳೆಯ ಮಾತು.

ಯಾಮಿನಿ ಈಗ ಸ್ಟೇಶನ್‌ನಲ್ಲಿದ್ದಾಳೆ, ಆಸ್ಪತ್ರೆಗೆ ಹೊರಟಿದ್ದಾಳೆ. ಮೆಸೇಜ್ ಮಾಡಲು ಬೆರಳು ಓಡುತ್ತಿಲ್ಲ. ಇಲ್ಲಿ ಬರೆದುಕೊಂಡು, ನೋಡಿಕೊಂಡು ಫೋನಿನಲ್ಲಿ ಓದಿ ಹೇಳುತ್ತೇನೆ —

ಯಾಮಿನಿ, ನಮ್ಮಮ್ಮಾ, ಅವರು ಬೈದು ಬರೆದಿದ್ದರೂ ಸರಿ, ಒಂದೇ ಸಾಲು ಬರೆದಿದ್ದರೂ ಸರಿ, ಮಡಿಸಿದ್ದು ಮಡಿಸಿದ ಹಾಗೇ ಅವರ ಉತ್ತರ ತಂದುಕೊಡು. ನೀನು ಬರುವವರೆಗೆ ನಾನು ಈ ಅನ್ನ ಮುಟ್ಟುವುದಿಲ್ಲ. ಮಗು ಉಂಡಿತೇ ಅಂತ ಮಾತ್ರ ಈಗಲೇ ಕೇಳಿ ಹೇ—