ಪ್ಲಗ್ ಕೂತಿತು

ಮಾರ್ಚ್ ೯, ಭಾನುವಾರ

ಸ್ಪಾರ್ಕ್ ಪ್ಲಗ್ ಕೂರುವ ತೂತಿನ ಥ್ರೆಡ್, ಅಂದರೆ ತಿರುಪಿನ ಗೆರೆ, ಸವೆದು ಕಾರು ಮೂಲೆ ಸೇರಿತ್ತು. ಎಂಜಿನ್ ಹೆಡ್ಡನ್ನೇ ಬದಲಿಸಬೇಕೆಂದಿದ್ದ ಮೆಕ್ಯಾನಿಕ್. ನಮ್ಮ ಯಜಮಾನರು ಒಪ್ಪಲಿಲ್ಲ. ಲಕ್ವ ಹೊಡೆದಾಗಿನಿಂದ ಇವರ ಬಲಗೈಗೆ ಮುಟ್ಟಿದ್ದೇನೂ ತಿಳಿಯುವುದಿಲ್ಲ. ಅದಕ್ಕೇ ಇವತ್ತು ಕಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಕೆಲಸ ನನ್ನ ಪಾಲಿಗೆ ಬಂತು.

ಹೊಸ ಥ್ರೆಡ್ ಕೊರೆಯತೊಡಗಿದೆ. ಒಂಚೂರು ವಾರೆಯಾದರೂ ಎಂಜಿನ್ ಹಾಳು.

"ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ. ಅವಸರ ಬೇಡ ಕಣೇ."

"ನೀವು ಸುಮ್ನಿದ್ರೆ ಅದೇ ಸರಿಯಾಗುತ್ತೆ ರೀ!"

ಎಷ್ಟೋ ತಿಂಗಳ ಮೇಲೆ ಇವರು ಜೋರಾಗಿ ನಕ್ಕರು.

ತೂತಿನೊಳಗೆ, ಸವೆದ ಥ್ರೆಡ್ಡಿನ ಬದಲಿಗೆ, ಉಕ್ಕಿನ ಸುರುಳಿ ಕೂರಿಸಿ ಪ್ಲಗ್ ಬಿಗಿದೆ. ಕೀ ತಿರುಗಿಸಿದ್ದೇ ತಡ, ಎಂಜಿನ್ ಶುರುವಾಯಿತು. ಇವರು ನಿಧಾನವಾಗಿ ಎದ್ದು ಬಂದು ಮಡ್‌ಗಾರ್ಡ್ ಮೇಲೆ ಬಲಗೈಯನ್ನು ಎತ್ತಿಟ್ಟುಕೊಂಡರು.

"ಅದುರೋದು ಗೊತ್ತಾಗ್ತಿದೆ ಕಣೇ, ಬೆರಳಿಗೆ," ಎಂದರು.

ನಾಳೆ ಡಾಕ್ಟರಿಗೆ ಹೇಳಬೇಕು. ಕಾರಿನಲ್ಲೇ ಹೋಗಬಹುದಲ್ಲ, ನಾನೇ ಓಡಿಸಿಕೊಂಡು...